ಆಣೆ ಪ್ರಮಾಣ ಸಾಕು, ಮಾತ್ರೆ ಇಡಿ: ಮಂಡ್ಯ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ. ನಾನು ನಿಮ್ಮದೇ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರು ನಮ್ಮದು. ನೀರು ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಆದರೆ ಈ ಪತ್ರ ಬರೆಯುತ್ತಿರುವುದು ನೀರಿಗಾಗಿ ಅಲ್ಲ, ಕುಡಿತದ ರೋಗದ ಚಿಕಿತ್ಸೆಗಾಗಿ.

ಆಗಸ್ಟ್ 1 ಬಂದರೆ ನಮ್ಮ ಶಾಲೆಯಲ್ಲಿ ವ್ಯಸನಮುಕ್ತ ದಿನ ಮಾಡುತ್ತೇವೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಕಾಳು ಬೇಡ, ನಿಮ್ಮ ಚಟ ಹಾಕಿ ಅಂತ ಬೇಡುತ್ತಿದ್ದರಲ್ಲ, ಅವರು ಹುಟ್ಟಿದ ದಿನ ಅದು. ಹೋದ ವರ್ಷ ಮಕ್ಕಳಿಗೆ ಪ್ರತಿಜ್ಞೆ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಮೂರನೇ ಸಾಲು ಹೀಗಿತ್ತು: 'ಕುಡುಕರು ಮನೆಗೂ ಊರಿಗೂ ಕಂಟಕ, ಅಂಥವರಿಂದ ನಾನು ದೂರ ಇರುತ್ತೇನೆ.'

ಮಕ್ಕಳು ಬಲಗೈ ಮುಂದೆ ಚಾಚಿ ಜೋರಾಗಿ ಹೇಳುತ್ತಿದ್ದರು. ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಒಬ್ಬ ಹುಡುಗಿ ಆ ಸಾಲು ಬಂದಾಗ ಸುಮ್ಮನಾದಳು. ಕೈ ಚಾಚಿಯೇ ಇತ್ತು, ತುಟಿ ಮಾತ್ರ ಅಲ್ಲಾಡಲಿಲ್ಲ. ಅವಳ ಅಪ್ಪ ಅಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗಿದ್ದನ್ನು ನಾನೇ ನೋಡಿಕೊಂಡು ಬಂದಿದ್ದೆ. ಅಂಥವರಿಂದ ದೂರ ಇರುತ್ತೇನೆ ಅಂತ ಅವಳು ಹೇಗೆ ಹೇಳಬೇಕು? ಸಂಜೆ ಮನೆಗೆ ಹೋಗಬೇಕಲ್ವಾ?

ನಾಚಿಕೆಯಾಯಿತು. ಯಾಕೆಂದರೆ ನಾನೂ ಅದೇ ಸಾಲಿನಲ್ಲಿ ನಿಂತು ಬೆಳೆದವಳು.

ನಮ್ಮಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿತು. ಆ ದಿನ ಅಮ್ಮ ಮಾರಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಸಾರಾಯಿ ನಿಂತಿತು, ಅಪ್ಪ ನಿಲ್ಲಲಿಲ್ಲ. ಬ್ರಾಂದಿ ಅಂಗಡಿಯ ಅಗ್ಗದ ವಿಸ್ಕಿಗೆ ಹೋದರು. ಖರ್ಚು ಜಾಸ್ತಿ ಆಯಿತು, ಅಷ್ಟೇ. ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಆಮೇಲೆ ಅಣ್ಣನ ಸರದಿ. ನಾವು ಮೂವರು ಮಕ್ಕಳು: ಅಣ್ಣ, ನಾನು, ತಮ್ಮ. ತಮ್ಮ ಹಬ್ಬದ ದಿನ ಒಂದು ಬಿಯರ್ ಕುಡಿದು ತಲೆನೋವು ಅಂತ ಮಲಗುವವನು. ಅಣ್ಣನಿಗೆ ಮಾತ್ರ ಬೆಳಿಗ್ಗೆ ಐದಕ್ಕೆ ನೈಂಟಿ ಬೇಕು.

ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಮುದ್ದೆ. ಅವನಿಗೇ ಯಾಕೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಓದಲು ಶುರು ಮಾಡಿದೆ. ಓದಿದ್ದರಲ್ಲಿ ನಿಮ್ಮ ಕೆಲಸಕ್ಕೆ ಬರುವಷ್ಟನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಇಲಾಖೆಯ ವೈದ್ಯರಿಗೆ ಇದೆಲ್ಲ ಗೊತ್ತಿರುತ್ತದೆ. ಊರಿಗೆ ಗೊತ್ತಿಲ್ಲ. ಊರಿಗೆ ತಿಳಿಸುವ ಕಾರ್ಯಕ್ರಮಗಳಲ್ಲೂ ಇದು ಕಾಣುವುದಿಲ್ಲ.

ಡೆನ್ಮಾರ್ಕಿನಲ್ಲಿ 1973ರಲ್ಲಿ ಒಂದು ಅಧ್ಯಯನ ಬಂತು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಮಾತಾಡಿಸಿದರು. ಹೆತ್ತವರಿಗೆ ಕುಡಿತದ ರೋಗ ಇದ್ದವರಲ್ಲಿ 100ಕ್ಕೆ 18 ಮಂದಿಗೆ ಅದೇ ರೋಗ. ಹೆತ್ತವರಿಗೆ ಇಲ್ಲದವರಲ್ಲಿ 100ಕ್ಕೆ 5. ಹೆತ್ತ ಅಪ್ಪನ ಮುಖವನ್ನೇ ನೋಡದೆ ಬೆಳೆದವರು ಇವರು, 'ಅಪ್ಪನನ್ನು ನೋಡಿ ಕಲಿತ' ಅನ್ನಲು ಆಗುವುದಿಲ್ಲ. ಆಮೇಲೆ ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಈ ರೋಗದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಸುಮಾರು ಅರ್ಧ ಹುಟ್ಟಿನಿಂದ ಬಂದದ್ದು. ಅರ್ಧ ಅಂದರೆ ಅಣ್ಣ ಕುಡಿದ ಬಾಟಲಿಯಲ್ಲಿ ಅರ್ಧ ಅಪ್ಪನದು ಅಂತ ಅರ್ಥ ಅಲ್ಲ. ಇದು ಒಬ್ಬ ಮನುಷ್ಯನ ಲೆಕ್ಕವಲ್ಲ, ಒಂದು ಜನಸಮೂಹದ ಲೆಕ್ಕ. ಕ್ಲಾಸಿನಲ್ಲಿ ಇದನ್ನು ಹೇಳಿಕೊಡಲು ನನಗೆ ಎರಡು ಪೀರಿಯಡ್ ಬೇಕಾಯಿತು, ಆದ್ದರಿಂದ ನಿಮ್ಮ ಮೇಲೆ ಬೇಸರವಿಲ್ಲ.

'ಕುಡಿತದ ಜೀನು' ಅಂತ ಒಂದು ಇಲ್ಲ. ನೂರಾರು ಇವೆ, ಒಂದೊಂದರದ್ದೂ ಚಿಟಿಕೆಯಷ್ಟು ಪಾಲು. ಒಂದು ಲಿವರಿನ ಕಿಣ್ವವನ್ನು ಬದಲಿಸಿದರೆ ಇನ್ನೊಂದು ಮೆದುಳಿನಲ್ಲಿ ಖುಷಿಯ ಲೆಕ್ಕ ಬದಲಿಸುತ್ತದೆ. 1984ರಲ್ಲಿ ಅಮೆರಿಕದಲ್ಲಿ ಕುಡುಕ ಅಪ್ಪಂದಿರ ಸಣ್ಣ ಹುಡುಗರ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ಅಳೆದರು. ಹೊಸದೇನಾದರೂ ಕಂಡಾಗ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಒಂದು ಅಲೆ ಇದೆ. ಆ ಹುಡುಗರಲ್ಲಿ ಅದು ಚಿಕ್ಕದಾಗಿತ್ತು. ಅವರು ಇನ್ನೂ ಒಂದು ತೊಟ್ಟೂ ಕುಡಿದವರಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರೂ 1990ರ ದಶಕದಲ್ಲಿ ಇದೇ ಅಲೆಯನ್ನು ನಮ್ಮ ಜನರಲ್ಲಿ ಅಳೆದರು. ಮನೆತನದಲ್ಲಿ ಕುಡಿತ ಇದ್ದವರಲ್ಲಿ ಅದು ಚಿಕ್ಕದು ಅಂತ ಬರೆದರು.

ನನ್ನನ್ನು ಬಹಳ ಕಾಡಿದ ಅಧ್ಯಯನ ಇನ್ನೊಂದು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಸುಮಾರು 20 ವಯಸ್ಸಿನ ಹುಡುಗರಿಗೆ ಅಳೆದು ಮದ್ಯ ಕೊಟ್ಟು, ಯಾರಿಗೆ ಎಷ್ಟು ಅಮಲೇರುತ್ತದೆ ಅಂತ ನೋಡಿದರು. ಸುಮಾರು 10 ವರ್ಷ ಬಿಟ್ಟು ಅದೇ ಹುಡುಗರನ್ನು ಹುಡುಕಿದರು. ಅಂದು ಕಡಿಮೆ ಅಮಲೇರಿದವರೇ ಮುಂದೆ ಜಾಸ್ತಿ ರೋಗಿಗಳಾಗಿದ್ದರು. ಬೇಗ ತಲೆ ತಿರುಗುವವನು ಬೇಗ ಲೋಟ ಕೆಳಗಿಡುತ್ತಾನೆ. ತಿರುಗದವನು ಇನ್ನೊಂದು ಹಾಕಿಸಿಕೊಳ್ಳುತ್ತಾನೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣನಿಗೆ 19 ಇದ್ದಾಗ ನಮ್ಮೂರ ಹಬ್ಬದ ಬಾಡೂಟದಲ್ಲಿ ದೊಡ್ಡವರು ಅವನ ಬೆನ್ನು ತಟ್ಟಿದ್ದು ನೆನಪಾಯಿತು. 'ಎಷ್ಟ್ ಕುಡುದ್ರೂ ಅಲ್ಲಾಡಾಕಿಲ್ಲ ಕಣ್ಲಾ ಇವ್ನು, ಗಂಡು ಅಂದ್ರೆ ಇವ್ನು' ಅಂತ ನಗುತ್ತಿದ್ದರು. ದೇಹ ಕೂಗಿ ಹೇಳುತ್ತಿದ್ದ ಎಚ್ಚರಿಕೆ ಅದು. ನಾವು ಅದನ್ನು ಗಂಡಸುತನ ಅಂತ ಓದಿಕೊಂಡೆವು. ಚಪ್ಪಾಳೆ ತಟ್ಟಿ ಇನ್ನೊಂದು ಲೋಟ ತುಂಬಿಸಿದೆವು.

ಹಾಗಾದರೆ ನನಗೆ ಯಾಕೆ ಬರಲಿಲ್ಲ? ಅದೇ ರಕ್ತ ನನ್ನಲ್ಲೂ ಇದೆ. ನನ್ನ ಮೆದುಳಿನ ಅಲೆಯೂ ಚಿಕ್ಕದೇ ಇರಬಹುದು, ಯಾರು ಅಳೆದಿದ್ದಾರೆ? ನನಗೆ ಬರಲಿಲ್ಲ, ಯಾಕೆಂದರೆ ನನ್ನನ್ನು ಯಾರೂ ಬಾರಿಗೆ ಕರೆಯಲಿಲ್ಲ. ಕೇಂದ್ರ ಸರ್ಕಾರ ಏಮ್ಸ್‌ನಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ನೋಡಿ. ದೇಶದ ಗಂಡಸರಲ್ಲಿ ಶೇ 27.3 ಜನ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ 1.6. ಹೆಣ್ಣಿನ ದೇಹ ಬೇರೆ, ಸರಿ. ಅದರಿಂದ ಇಷ್ಟೊಂದು ಅಂತರ ಬರುತ್ತದಾ? ಇದು ಊರು ಹಾಕಿದ ಬೇಲಿ. ನನ್ನ ಸುತ್ತ ಬೇಲಿ ಇತ್ತು, ಅಣ್ಣನ ಸುತ್ತ ಇರಲಿಲ್ಲ. ಬೇಲಿಯ ಬಗ್ಗೆ ನನಗೆ ಬೇರೆ ಹತ್ತು ಜಗಳ ಇದೆ, ಅದನ್ನು ಇನ್ನೊಂದು ದಿನ ಆಡೋಣ.

ನಮ್ಮ ಜಿಲ್ಲೆಯವರಿಗೆ ಇದನ್ನು ಕಬ್ಬಿನಲ್ಲಿ ಹೇಳಿದರೆ ತಕ್ಷಣ ತಿಳಿಯುತ್ತದೆ. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರ್ಮ್‌ನಿಂದ ಒಳ್ಳೆ ತಳಿಯ ತುಂಡು ತಂದು ನಾಟಿ ಮಾಡಿ. ನಾಲೆಯ ಮೊದಲ ಭಾಗದಲ್ಲಿ ಅದು ಆಳೆತ್ತರ ಮೀರಿ ಬೆಳೆದು ತಾನು ಬೇರೆ ತಳಿ ಅಂತ ತೋರಿಸುತ್ತದೆ. ನೀರಿಲ್ಲದ ನಮ್ಮ ಕಡೆ ಒಳ್ಳೆ ತಳಿ, ನಾಟಿ ತಳಿ ಎರಡೂ ಮೊಣಕಾಲುದ್ದವೇ. ತಳಿಯ ಗುಣ ಕಾಣಬೇಕಾದರೆ ನೀರು ಬರಬೇಕು. ಫಿನ್ಲೆಂಡಿನ ಅವಳಿ ಹುಡುಗ ಹುಡುಗಿಯರ ಕುಡಿತವನ್ನು ವರ್ಷಗಟ್ಟಲೆ ನೋಡಿದವರು ಹೇಳಿದ್ದೂ ಇದೇ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಗಳಲ್ಲಿ ಹುಟ್ಟುಗುಣದ ಪ್ರಭಾವ ಕಡಿಮೆ ಕಂಡಿತು. ಜನ ಬಂದು ಹೋಗುವ, ಕೇಳುವವರಿಲ್ಲದ ಪೇಟೆಗಳಲ್ಲಿ ಜಾಸ್ತಿ ಕಂಡಿತು.

ಜಪಾನಿನ ಕಥೆ ಇನ್ನೂ ಸ್ಪಷ್ಟ. ಅಲ್ಲಿ ತುಂಬ ಜನರಿಗೆ ಹುಟ್ಟಿನಿಂದಲೇ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ವಲ್ಪ ಕುಡಿದರೂ, ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನುವ ವಿಷ ರಕ್ತದಲ್ಲಿ ಉಳಿದು ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಕುಡಿತದ ವಿರುದ್ಧ ಇದಕ್ಕಿಂತ ಗಟ್ಟಿ ರಕ್ಷಣೆ ಇಲ್ಲ. ಅಲ್ಲಿ ಕುಡಿತದ ರೋಗಕ್ಕೆ ಚಿಕಿತ್ಸೆಗೆ ಬಂದವರಲ್ಲಿ ಇಂಥ ಜೀನಿನ ಒಂದು ಪ್ರತಿ ಇದ್ದವರು 1979ರಲ್ಲಿ ಶೇ 2.5 ಮಾತ್ರ. 1986ಕ್ಕೆ ಶೇ 8. 1992ಕ್ಕೆ ಶೇ 13. ಹದಿಮೂರು ವರ್ಷದಲ್ಲಿ ಜನರ ಜೀನು ಬದಲಾಗುವುದಿಲ್ಲ. ಬದಲಾಗಿದ್ದು ಸಮಾಜ. ವಾಕರಿಕೆ ಬಂದರೂ ಕುಡಿಯಲೇಬೇಕು ಅನ್ನುವ ವಾತಾವರಣ ಆ ರಕ್ಷಣೆಯನ್ನೂ ಮುರಿಯಿತು.

ನಮ್ಮ ಕಡೆ ಆ ವಾತಾವರಣ ಹೇಗಿದೆ ಅಂತ ನಿಮಗೆ ಹೇಳಬೇಕಾ? ಅಣ್ಣ ಆಲೆಮನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಕೂಲಿಯ ಜೊತೆ ಒಂದು ಕ್ವಾರ್ಟರ್ ಕೊಡುವುದು ಅಲ್ಲಿನ ಮಾಮೂಲು. ಬೆಂಕಿಯ ಮುಂದೆ ನಿಂತವನಿಗೆ ಮೈಕೈ ನೋವು ಕಾಣಬಾರದು ಅಂತ. ಕ್ವಾರ್ಟರ್ ಅಂದರೆ 180 ಮಿ.ಲೀ. ಬಾಟಲಿಯ ಮೇಲೆ ಶೇ 42.8 ಅಂತ ಬರೆದಿರುತ್ತದೆ. ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆ ಒಂದು ಸಲಕ್ಕೆ 60 ಗ್ರಾಂ ಮುಟ್ಟಿದರೆ ಅದನ್ನು ವಿಪರೀತ ಕುಡಿತ ಅನ್ನುತ್ತದೆ. ನಮ್ಮೂರಲ್ಲಿ ಅದು 'ಒಂದೇ ಒಂದು ಕ್ವಾರ್ಟರ್'. ನಾವು ಎಣಿಸುವ ಒಂದು, ಹತ್ತು ಗ್ರಾಂಗೆ ಒಂದರಂತೆ ಅವರು ಎಣಿಸುವ ಆರು.

ಬ್ರಾಂದಿ ಅಂಗಡಿ ಇರುವುದು ನಾಲ್ಕು ಕಿಲೋಮೀಟರ್ ದೂರ. ಆದರೆ ಬೀಡಿ, ಬೆಂಕಿಪೊಟ್ಟಣ, ಶಾಂಪೂ ಮಾರುವ ಪೆಟ್ಟಿಗೆ ಅಂಗಡಿಯಲ್ಲೇ ಬೆಳಿಗ್ಗೆ ಐದಕ್ಕೆ ಟೆಟ್ರಾ ಪ್ಯಾಕ್ ಸಿಗುತ್ತದೆ. ಹತ್ತು ಇಪ್ಪತ್ತು ರೂಪಾಯಿ ಜಾಸ್ತಿ. ಕೈ ನಡುಗುವವನು ಚೌಕಾಸಿ ಮಾಡುವುದಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ರಾಜ್ಯ ಸರ್ಕಾರ ಗುರಿ ಇಟ್ಟಿತ್ತು. ಅದು ನಿಮ್ಮ ಕೈಯಲ್ಲಿಲ್ಲ, ಬಿಡಿ. ಪೆಟ್ಟಿಗೆ ಅಂಗಡಿ ನಿಮ್ಮ ಕೈಯಲ್ಲಿದೆ.

ಈಗ ಆಣೆ ಪ್ರಮಾಣದ ವಿಷಯಕ್ಕೆ ಬರುತ್ತೇನೆ. ಅಣ್ಣನಿಗೆ 34 ಇದ್ದಾಗ ಅಯ್ಯಪ್ಪನ ಮಾಲೆ ಹಾಕಿದ. ವ್ರತದ 41 ದಿನವೂ ಒಂದು ತೊಟ್ಟು ಮುಟ್ಟಲಿಲ್ಲ. ಮನೆಯಲ್ಲಿ ಎಲ್ಲರೂ 'ನೋಡು, ಮನಸ್ಸು ಮಾಡಿದ್ರೆ ಬಿಡ್ತಾನೆ' ಅಂದರು. ಆ ಒಂದು ಮಾತು ನಮ್ಮನ್ನು ಹತ್ತು ವರ್ಷ ದಾರಿ ತಪ್ಪಿಸಿತು. ಆ 41 ದಿನ ಅವನ ಸುತ್ತ ಏನೇನಿತ್ತು ಅಂತ ನಾವು ನೋಡಲೇ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುವ ಗುಂಪು ಇತ್ತು. ಎರಡು ಹೊತ್ತು ಸ್ನಾನ, ಭಜನೆ ಇತ್ತು. ಅವನನ್ನು ಯಾವಾಗಲೂ ಏಕವಚನದಲ್ಲಿ ಕರೆಯುತ್ತಿದ್ದ ಊರು 'ಸ್ವಾಮಿ' ಅಂತ ಕರೆಯುತ್ತಿತ್ತು. ಆಲೆಮನೆಯವರು ಕೂಡ ಕ್ವಾರ್ಟರ್ ಬದಲು ಬಾಳೆಹಣ್ಣು ಕೊಡುತ್ತಿದ್ದರು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಗೆ ಇಷ್ಟೂ ಹೋಯಿತು. ಉಳಿದದ್ದು ಅವನ ಮನಸ್ಸು ಒಂದೇ.

ಅವನಿಗೆ 45 ಆದಾಗ ನಾವೇ ಅವನನ್ನು ಒಂದು ಸೋಮವಾರ ಬೆಳಿಗ್ಗೆ ಮಾದಪ್ಪನ ಗುಡಿಗೆ ಕರೆದುಕೊಂಡು ಹೋಗಿ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದೆವು. ಭಾನುವಾರ ರಾತ್ರಿ ಕುಡಿದಿದ್ದೇ ಕೊನೆ. ಸೋಮವಾರ ಸಂಜೆ ಕಾಫಿ ಲೋಟ ಹಿಡಿದರೆ ಅರ್ಧ ಕಾಫಿ ಲುಂಗಿಯ ಮೇಲೆ. ಮೈಯೆಲ್ಲ ಬೆವರು. 'ಆಣೆ ಮಾಡಿದ್ದಾನೆ, ತಡ್ಕೊಳ್ಲಿ' ಅಂದೆವು. ಮಂಗಳವಾರ ಬೆಳಗಿನ ಜಾವ ಕೊಟ್ಟಿಗೆಯಲ್ಲಿ ದಡ್ ಅಂತ ಸದ್ದು. ಹೋಗಿ ನೋಡಿದರೆ ಹಸುವಿನ ಕಾಲ ಬಳಿ ಬಿದ್ದು ಒದ್ದಾಡುತ್ತಿದ್ದ. ಹಲ್ಲು ಕಚ್ಚಿಕೊಂಡು ಬಾಯಲ್ಲಿ ನೊರೆ. ಯಾರೋ ಕೈಗೆ ಬೀಗದ ಕೈ ತುರುಕಿದರು. ಯಾರೋ ಬೇವಿನ ಸೊಪ್ಪು ತಂದರು. ಆಣೆ ಮುರಿದಿರಬೇಕು, ಮಾದಪ್ಪ ಮುನಿದಿದ್ದಾನೆ ಅಂದಳು ಅಮ್ಮ. ಆಣೆ ಮುರಿದಿದ್ದರೆ ಫಿಟ್ಸ್ ಬರುತ್ತಿರಲಿಲ್ಲ. ಆಣೆ ಉಳಿಸಿಕೊಂಡಿದ್ದಕ್ಕೇ ಬಂದದ್ದು.

ನಾನು ವಿಜ್ಞಾನದ ಟೀಚರ್. ನನಗೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ಹಗ್ಗ ಜಗ್ಗಾಟ ಆಡಿಸುತ್ತೇವಲ್ಲ, ಹಾಗೆ ಯೋಚಿಸಿ. ಮದ್ಯ ಮೆದುಳನ್ನು ಮಂಪರಿನ ಕಡೆ ಎಳೆಯುತ್ತದೆ. ವರ್ಷಗಟ್ಟಲೆ ಎಳೆದರೆ ಮೆದುಳು ಸುಮ್ಮನಿರುವುದಿಲ್ಲ. ಅದೂ ತನ್ನ ಕಡೆಗೆ, ಎಚ್ಚರದ ಕಡೆಗೆ, ಕಾಲೂರಿ ಎಳೆಯುತ್ತದೆ. ಮೆದುಳಿನ ರಾಸಾಯನಿಕಗಳಲ್ಲಿ ಶಾಂತ ಮಾಡುವ ಗಾಬಾ ಮಂಕಾಗುತ್ತದೆ, ಕೆರಳಿಸುವ ಗ್ಲುಟಮೇಟ್ ಜೋರಾಗುತ್ತದೆ. ಹಗ್ಗ ನೆಟ್ಟಗೆ ನಿಂತಂತೆ ಕಾಣುತ್ತದೆ. ಒಂದು ದಿನ ಮದ್ಯ ಇದ್ದಕ್ಕಿದ್ದಂತೆ ಹಗ್ಗ ಬಿಟ್ಟರೆ? ಎದುರಿನವರು ದೊಪ್ಪನೆ ಹಿಂದಕ್ಕೆ ಬೀಳುತ್ತಾರೆ. ಕೊನೆಯ ಸಲ ಕುಡಿದ ಆರೇಳು ಗಂಟೆಯೊಳಗೇ ನಡುಕ ಶುರುವಾಗಬಹುದು. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಬುದ್ಧಿ ಕಲಕುತ್ತದೆ, ಇಲ್ಲದ್ದು ಕಾಣುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಜೀವವೂ ಹೋಗಬಹುದು. 34ರಲ್ಲಿ ಅಣ್ಣನ ಮೆದುಳು ಇನ್ನೂ ಹಗ್ಗ ಹಿಡಿದು ಎಳೆಯಲು ಶುರು ಮಾಡಿರಲಿಲ್ಲ. 45ರಲ್ಲಿ ಪೂರ್ತಿ ಒರಗಿ ನಿಂತಿತ್ತು. ಮನುಷ್ಯ ಅವನೇ, ಮನಸ್ಸೂ ಅದೇ, ಮೆದುಳು ಬೇರೆ.

ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಸರು ಬೇಡ. 'ಕುಡುಕರಿಗೆಲ್ಲ ಬೆಡ್ ಕೊಡೋಕಾಗಲ್ಲ' ಅಂದರು. ಕೈಕಾಲು ಹಿಡಿದ ಮೇಲೆ ಒಂದು ಗ್ಲೂಕೋಸ್ ಬಾಟಲಿ ಏರಿಸಿ ಕಳಿಸಿದರು. ಮುದ್ದೆ ಬಿಟ್ಟು ಉಪ್ಪಿನಕಾಯಿ ನೆಕ್ಕಿಕೊಂಡು ವರ್ಷಗಟ್ಟಲೆ ಕುಡಿದವನ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಏಟು ಬೀಳುವ ಅಪಾಯ ಇದೆ. ಇದನ್ನು ನಾನು ಆಮೇಲೆ ಓದಿ ತಿಳಿದದ್ದು. ಬುಧವಾರ ರಾತ್ರಿ ಅಣ್ಣ ಗೋಡೆಯ ಮೇಲಿಂದ ಇರುವೆ ಒರೆಸುತ್ತಾ ಕೂತಿದ್ದ. ಗೋಡೆಯ ಮೇಲೆ ಏನೂ ಇರಲಿಲ್ಲ. ಕಾರು ಮಾಡಿಕೊಂಡು ಮೈಸೂರಿಗೆ ಓಡಿದೆವು. ಅಲ್ಲಿ ಥಯಾಮಿನ್ ಇಂಜೆಕ್ಷನ್, ಕೆರಳಿದ ಮೆದುಳನ್ನು ಶಾಂತ ಮಾಡುವ ಲೋರಾಜೆಪಾಮ್ ಕೊಟ್ಟು ಏಳು ದಿನ ಇಟ್ಟುಕೊಂಡು ಉಳಿಸಿದರು. ಎರಡೂ ಹೊಸ ಔಷಧ ಅಲ್ಲ, ದುಬಾರಿಯೂ ಅಲ್ಲ.

ಬಂದ ಮೇಲೆ ನಾನು ಓದಿದ್ದನ್ನೆಲ್ಲ ಅತ್ತಿಗೆಗೆ ಹೇಳಿದೆ. ಇದು ರೋಗ, ಅರ್ಧ ಹುಟ್ಟಿನಿಂದ ಬಂದದ್ದು ಅಂತ. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆಯೆತ್ತಿ ಕೇಳಿದಳು: 'ಹಂಗಾರೆ ನನ್ ಓಲೆ ಮಾರುದ್ದು ಯಾವ ಜೀನು ಕನವ್ವ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ರೋಗ ಅಂದ ಮಾತ್ರಕ್ಕೆ ಅವಳ ಹದಿನೆಂಟು ವರ್ಷ ವಾಪಸ್ ಬರುವುದಿಲ್ಲ. ಅವಳು ಕ್ಷಮಿಸಲಿ ಅಂತ ಕೇಳುವ ಹಕ್ಕು ನನಗಾಗಲಿ ವಿಜ್ಞಾನಕ್ಕಾಗಲಿ ಇಲ್ಲ. ನಾನು ಕೇಳುತ್ತಿರುವುದು ಕ್ಷಮೆಯನ್ನಲ್ಲ, ಚಿಕಿತ್ಸೆಯನ್ನು.

ಅತ್ತಿಗೆ ತನ್ನ ಕೈಲಾದ ಚಿಕಿತ್ಸೆಯನ್ನೂ ಮಾಡಿದ್ದಳು, ಅದೂ ಆಮೇಲೆ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಅಂತ ಅಂಟಿಸಿರುತ್ತಾರಲ್ಲ, ಆ ಪುಡಿ ತರಿಸಿ ಸಾರಿಗೆ ಬೆರೆಸುತ್ತಿದ್ದಳು. ಪೊಟ್ಟಣದ ಮೇಲೆ ಏನಿದೆ ಅಂತ ಬರೆದಿರಲಿಲ್ಲ. ಇಂಥ ಕಡೆ ಕೆಲವರು ಡೈಸಲ್ಫಿರಾಮ್ ಮಾತ್ರೆಯನ್ನೂ ಗುಟ್ಟಾಗಿ ಬೆರೆಸುತ್ತಾರೆ. 1948ರಲ್ಲಿ ಡೆನ್ಮಾರ್ಕಿನವರು ಬಳಕೆಗೆ ತಂದ ಔಷಧ ಅದು. ಜಪಾನಿನವರಿಗೆ ಹುಟ್ಟಿನಿಂದ ಬಂದ ಆ ಕೆಂಪು ಮುಖ, ವಾಕರಿಕೆಯನ್ನು ಮಾತ್ರೆಯಿಂದ ತರಿಸುತ್ತದೆ. ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರು ತೆಗೆದುಕೊಂಡರೆ ಕೆಲವರಿಗೆ ಒಳ್ಳೆಯದೇ. ತಿಳಿಯದೆ ನುಂಗಿ ಮೇಲೆ ಕ್ವಾರ್ಟರ್ ಹಾಕಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತು. ಅತ್ತಿಗೆಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವಳಿಗೆ ಸಿಕ್ಕ ಔಷಧದ ಅಂಗಡಿ ಅಂದರೆ ಆ ಗೋಡೆ ಒಂದೇ.

ಬೇರೆ ಔಷಧ ಇಲ್ಲವೇ? ಇದೆ. ನಾಲ್ಟ್ರೆಕ್ಸೋನ್ ಕುಡಿತದ ಖುಷಿಯನ್ನೇ ಮಂಕು ಮಾಡುತ್ತದೆ. ಅಮೆರಿಕದಲ್ಲಿ 1994ರಿಂದ ಕುಡಿತಕ್ಕೆ ಕೊಡುತ್ತಿದ್ದಾರೆ. ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆ ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇವು ಪವಾಡದ ಮಾತ್ರೆಗಳಲ್ಲ. ಎಲ್ಲರಿಗೂ ಹಿಡಿಸುವುದಿಲ್ಲ, ಲಿವರ್, ಕಿಡ್ನಿ ನೋಡಿ ಕೊಡಬೇಕು. ಆದರೂ ಕರ್ಪೂರ ಮುಟ್ಟಿಸುವುದಕ್ಕಿಂತ ಎಷ್ಟೋ ವಾಸಿ.

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯೇ. ಸರ್ಕಾರ ಹೊರಡಿಸುವ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಯಾವಾಗಲೂ ಉಚಿತವಾಗಿ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೂ ಏಮ್ಸ್‌ನ ಆ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅಣ್ಣ ಆ ಒಬ್ಬ. ಉಳಿದ 179 ಜನ ಎಲ್ಲಿದ್ದಾರೆ ಅಂತ ಕೇಳಿದರೆ ನಾನು ಬಸ್ ಸ್ಟ್ಯಾಂಡಿನ ಕಟ್ಟೆ ತೋರಿಸಬಲ್ಲೆ.

ಈಗ ನನ್ನ ಬೇಡಿಕೆ. ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಆಗಲೇ ಇದೆ. ಅವರು ಚೀಟಿ ಬರೆದರೆ ಕೆಳಗಿನ ಕೌಂಟರಿನಲ್ಲಿ ಮಾತ್ರೆ ಸಿಗುವಂತೆ ನೋಡಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಥಯಾಮಿನ್ ಇಂಜೆಕ್ಷನ್, ಫಿಟ್ಸ್ ತಡೆಯುವ ಔಷಧ ಇಡಿ. ಯಾರನ್ನು ಅಲ್ಲೇ ನೋಡಬಹುದು, ಯಾರನ್ನು ತಕ್ಷಣ ಮೇಲಿನ ಆಸ್ಪತ್ರೆಗೆ ಕಳಿಸಬೇಕು ಅಂತ ನರ್ಸ್‌ಗಳಿಗೆ ಒಂದು ದಿನ ಹೇಳಿಕೊಡಿ. ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ಕೇಳಲು ಮನೆಗೆ ಬರುತ್ತಾರೆ. ಕುಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತೇ ಪ್ರಶ್ನೆಗಳ ಹಾಳೆ ಇದೆ, ಅದನ್ನೂ ಅವರ ಚೀಲದಲ್ಲಿ ಹಾಕಿ. ಅವರ ಗೌರವಧನ ಏರಿಸಿ ಆಮೇಲೆ ಹಾಕಿ ಅನ್ನಬೇಕು, ಆ ಮಾತು ಬೇರೆ.

ಹಾಳೆ ತುಂಬಿಸಿದ ಮೇಲೆ ಮಾತಾಡುವವರು ಬೇಕಲ್ಲ, ಡಾಕ್ಟರಿಗೆ ಪುರುಸೊತ್ತೆಲ್ಲಿ ಅಂತ ನೀವು ಕೇಳಬಹುದು. ಗೋವಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮಾನಸಿಕ ಆರೋಗ್ಯದ ಡಿಗ್ರಿ ಇಲ್ಲದ ಸ್ಥಳೀಯ ಜನರಿಗೇ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. ಮೂರು ತಿಂಗಳ ಮೇಲೆ ನೋಡಿದರೆ ಅವರಲ್ಲಿ 100ಕ್ಕೆ 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಮಾತಾಡಿಸದವರಲ್ಲಿ 26. 2017ರಲ್ಲಿ ಪ್ರಕಟವಾಯಿತು. ಇದು ಈಗಿನ ನನ್ನ ಅಣ್ಣನಂಥವರಿಗಲ್ಲ. ಮಾಲೆ ಹಾಕಿದ್ದ, 34ರ ಅಣ್ಣನಂಥವರಿಗೆ. ಆಗ ಇದ್ದಿದ್ದರೆ ಅಂತ ಅನಿಸುತ್ತದೆ, ಅಷ್ಟೇ.

ಮಕ್ಕಳ ಬಗ್ಗೆ ಒಂದು ಮಾತು. 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ 100ಕ್ಕೆ 40ಕ್ಕಿಂತ ಜಾಸ್ತಿ ಮಂದಿ ಜೀವನದಲ್ಲಿ ಎಂದಾದರೂ ಅವಲಂಬಿತರಾದರು, 20 ದಾಟಿ ಶುರು ಮಾಡಿದವರಲ್ಲಿ 10ರಷ್ಟು ಮಾತ್ರ ಅಂತ 1997ರ ಅಮೆರಿಕದ ಅಧ್ಯಯನ ಹೇಳಿತು. ಬೇಗ ಶುರು ಮಾಡುವುದೇ ಕಾರಣವೋ, ಬೇಗ ಶುರು ಮಾಡುವ ಹುಡುಗರ ಸ್ವಭಾವವೇ ಬೇರೆಯೋ ಅನ್ನುವ ಚರ್ಚೆ ಇದೆ. ನಮಗೆ ಎರಡರಲ್ಲೂ ಕೆಲಸ ಒಂದೇ. ಕುಡಿಯುವ ಅಪ್ಪನ ಹುಡುಗನಿಗೆ 'ನೀನೂ ಹಂಗೇ ಆಗ್ತೀಯ' ಅನ್ನುವ ಬದಲು, 'ನಿನಗೆ ಜಾಸ್ತಿ ಏರದಿದ್ದರೆ ಅದು ಹೆಮ್ಮೆಯ ವಿಷಯ ಅಲ್ಲ, ಹುಷಾರು' ಅಂತ ಎಂಟನೇ ಕ್ಲಾಸಿನಲ್ಲೇ ಹೇಳಬೇಕು. ಜೀವಶಾಸ್ತ್ರದ ಪಾಠ ಹೇಗೂ ಇದೆ. ಅನುಮತಿ ಕೊಟ್ಟರೆ ನಾನೇ ಬೇರೆ ಶಾಲೆಗಳಿಗೂ ಹೋಗಿ ಮಾಡುತ್ತೇನೆ, ಟಿ.ಎ. ಬೇಡ.

ಅಣ್ಣ ಈಗ ಮನೆಯಲ್ಲಿದ್ದಾನೆ. ಹದಿನಾಲ್ಕು ತಿಂಗಳಾಯಿತು, ನಡುವೆ ಎರಡು ಸಲ ಜಾರಿದ. ಒಂದು ಸಲ ಚಿಕ್ಕಪ್ಪನ ತಿಥಿಯ ದಿನ. ಇನ್ನೊಂದು ಸಲ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮೂರು ವಾರ ಮಾತ್ರೆ ಸ್ಟಾಕ್ ಇಲ್ಲದಾಗ. ಜಾರಿದ್ದಕ್ಕೆ ನಾವು ಈ ಸಲ ಆಣೆ ಮಾಡಿಸಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಿದೆವು, ಮರುದಿನ ಕರೆದುಕೊಂಡು ಹೋದೆವು. ಆಲೆಮನೆ ಬಿಡಿಸಿದ್ದೇವೆ. ಹಾಲಿನ ಡೇರಿಯಲ್ಲಿ ಕ್ಯಾನ್ ಎತ್ತುತ್ತಾನೆ. ಅಲ್ಲಿ ಕೂಲಿಯ ಜೊತೆ ಏನೂ ಕೊಡುವುದಿಲ್ಲ. ಅತ್ತಿಗೆ ಅವನ ಜೊತೆ ಜಾಸ್ತಿ ಮಾತಾಡುವುದಿಲ್ಲ. ಮಾತ್ರೆಯ ಡಬ್ಬಿ ಮಾತ್ರ ಒಲೆಯ ಪಕ್ಕದ ಗೂಡಿನಲ್ಲಿ, ತನಗೆ ಕಾಣುವ ಹಾಗೆ ಇಟ್ಟುಕೊಂಡಿದ್ದಾಳೆ.

ಪ್ರತಿಜ್ಞೆಯ ಮೂರನೇ ಸಾಲನ್ನು ತಿದ್ದಿದ್ದೇನೆ. 'ನಮ್ಮ ಮನೆಯಲ್ಲಾಗಲಿ ಊರಲ್ಲಾಗಲಿ ಯಾರಿಗಾದರೂ ಕುಡಿತದ ಕಾಯಿಲೆ ಇದ್ದರೆ ಮುಚ್ಚಿಡುವುದಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ದೊಡ್ಡವರಿಗೆ ಹೇಳುತ್ತೇನೆ.' ಸ್ವಲ್ಪ ಉದ್ದವಾಯಿತು, ಮಕ್ಕಳು ಒಂದೇ ಉಸಿರಿಗೆ ಹೇಳುವುದು ಕಷ್ಟ. ಮುಂದಿನ ಆಗಸ್ಟ್ 1ರೊಳಗೆ ಆ ಸಾಲಿನಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರೆ ಇರುತ್ತದೆ ಅಂತ ನೀವು ಹೇಳಿದರೆ ಹೀಗೇ ಇಡುತ್ತೇನೆ. ಅಣ್ಣನ ಡಬ್ಬಿಯಲ್ಲಿ ಸೋಮವಾರ ರಾತ್ರಿಯವರೆಗೆ ಮಾತ್ರ ಇದೆ. ಮಂಗಳವಾರ 7.40ರ ಬಸ್ಸಿಗೆ ಹೊರಡುತ್ತೇವೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಮಂಡ್ಯ ಜಿಲ್ಲೆ